ಒಂದಕ್ಕೂ ಮೂರಕ್ಕೂ ಬಿದ್ದ ಚಪ್ಪಾಳೆ

ನುಕಾಗ ತೇಯ್ಜಿಯ ಕಷ್ಟಕ್ಕೆಲ್ಲ ಕಾರಣ ಅವನ ಎರಡು ಅಂಗೈಗಳು. ಅವು ವಿಶೇಷದ ಅಂಗೈಗಳೇನೂ ಅಲ್ಲ. ನಲವತ್ತೊಂದು ವರ್ಷ ಅನ್ನದ ಬಟ್ಟಲು ಹಿಡಿದು, ಬೆಳಗಿನ ರೈಲಿನಲ್ಲಿ ತೂಗುವ ಹಿಡಿಕೆಗೆ ಜೋತುಬಿದ್ದು, ಹದಿನೆಂಟು ವರ್ಷ ಟೋಕಿಯೋದ ರೆಕಾರ್ಡ್ ಕಂಪನಿಯೊಂದರಲ್ಲಿ ಟೇಪಿನ ಡಬ್ಬ ಹೊತ್ತವು. ಇಷ್ಟು ಕಾಲ ತಮ್ಮ ಪಾಡಿಗೆ ತಾವಿದ್ದ ಆ ಕೈಗಳು ಹೋಗಿ ಹೋಗಿ ಲಂಡನ್ನಿನಲ್ಲಿ, ಅದೂ ಮೈಕಿನ ಪಕ್ಕದಲ್ಲಿ, ಮೈಮರೆತವು.

ನಡೆದದ್ದು ಇಷ್ಟು. ಕಂಪನಿಯ ಹೆಮ್ಮೆಯ ಜಾಝ್ ಫ್ಯೂಷನ್ ತಂಡ ‘ಬ್ಲೂ ಪ್ಯಾರಸಾಲ್’ ಎಂಬತ್ತಮೂರರ ಕೊನೆಯಲ್ಲಿ ವಿಶ್ವ ಪ್ರವಾಸ ಹೊರಟಿತು. ಹೋದಲ್ಲೆಲ್ಲ ನುಡಿಸಿದ್ದನ್ನು ಧ್ವನಿಮುದ್ರಿಸಿ ಎರಡು ತಟ್ಟೆಗಳ ಲೈವ್ ಆಲ್ಬಮ್ ತರುವುದೆಂದು ತೀರ್ಮಾನವಾಗಿತ್ತು. ಜೊತೆಗೆ ಹೋದ ಕಂಪನಿಯವರು ಇಬ್ಬರು: ನುಕಾಗ, ಮತ್ತು ಅವನ ಕೈಕೆಳಗಿನ ಕೊತಾಕಿ. ಸಭಿಕರ ಸದ್ದು ಹಿಡಿಯುವ ಮೈಕನ್ನು ಕಾಯುವ ಕೆಲಸ ನುಕಾಗನದು. ಯಾರೂ ಅದನ್ನು ಎಡವಬಾರದು, ಅದರ ಹತ್ತಿರ ಕೆಮ್ಮಬಾರದು, ಅಷ್ಟೆ.

ಲಂಡನ್ನಿನಲ್ಲಿ ಏಳನೆಯ ರಚನೆ ಬಂತು. ಆಲ್ಬಮ್ಮಿಗೆ ಹೆಸರು ಕೊಡಬೇಕಾಗಿದ್ದ ರಚನೆ ಅದು. ಎರಡು ಸಾವಿರ ಇಂಗ್ಲಿಷರು ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಮನೆ ಬಿಟ್ಟು ಇಪ್ಪತ್ತಾರು ದಿನವಾಗಿದ್ದ ನುಕಾಗನಿಗೆ, ಅಷ್ಟು ಪರಕೀಯರು ತನ್ನ ಊರಿನ ಹುಡುಗರಿಗಾಗಿ ಕುಣಿಯುವುದನ್ನು ಕಂಡು ಸುಮ್ಮನಿರಲಾಗಲಿಲ್ಲ. ಅವನೂ ತಟ್ಟಿದ. ನಾಲ್ಕು ನಿಮಿಷ ಬಿಡದೆ ತಟ್ಟಿದ.

ತಟ್ಟಿದ್ದು ತಪ್ಪಲ್ಲ. ನಾಲ್ಕು ಎಣಿಕೆಯ ತಾಳದಲ್ಲಿ ಆ ಇಂಗ್ಲಿಷರು ಎರಡಕ್ಕೂ ನಾಲ್ಕಕ್ಕೂ ತಟ್ಟುತ್ತಿದ್ದರು. ಜಾಝ್ ಕೇಳುವವರ ಕ್ರಮ ಅದು. ನಮ್ಮವರ ಕೈ ಹಾಗಲ್ಲ. ಬೇಸಿಗೆಯಲ್ಲಿ ಊರಿಗೆ ಊರೇ ಬಯಲಿಗಿಳಿಯುವ ಬೋನ್ ಕುಣಿತದಲ್ಲಿ, ಬಿಸಿನೀರಿನಲ್ಲಿ ಮಿಂದು ಬಂದು ಹಾಡುವಾಗ, ಮದುವೆಯಲ್ಲಿ ಚಿಕ್ಕಪ್ಪ ಅಕ್ಕಿಯ ಹೆಂಡ ಸಾಕೆ ಏರಿಸಿ ಹಳ್ಳಿಯ ಪದ ಎತ್ತಿಕೊಂಡಾಗ, ನಮ್ಮ ಚಪ್ಪಾಳೆ ಬೀಳುವುದು ಒಂದಕ್ಕೆ ಮತ್ತು ಮೂರಕ್ಕೆ. ನುಕಾಗನ ಕೈ ತನ್ನ ಅಪ್ಪ ಅಜ್ಜಂದಿರ ದಾರಿ ಬಿಡಲಿಲ್ಲ.

ಟೋಕಿಯೋಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ಅವನಿಗೆ ತನ್ನ ತಪ್ಪು ಗೊತ್ತಾಯಿತು. ಎರಡು ಸಾವಿರ ಜನ ದೂರದಲ್ಲಿ ಸರಿಯಾಗಿ ತಟ್ಟುತ್ತಿದ್ದಾರೆ. ಕಿವಿಯ ಪಕ್ಕದಲ್ಲೇ ಒಬ್ಬ ಒದ್ದೆ ಮೆಟ್ಟನ್ನು ನೆಲಕ್ಕೆ ಬಡಿದ ಹಾಗೆ ಪೊತ್, ಪೊತ್ ಎಂದು ತಪ್ಪಾಗಿ ತಟ್ಟುತ್ತಿದ್ದಾನೆ. ತೆಗೆದುಹಾಕೋಣವೆಂದರೆ ಆಗದು. ಆ ಮೈಕಿನ ಸದ್ದು ತೆಗೆದರೆ ಸಭಾಂಗಣದ ಗುಂಗೇ ಹೋಗಿ, ತಂಡ ಬೀರುವಿನೊಳಗೆ ಕೂತು ನುಡಿಸಿದ ಹಾಗಾಗುತ್ತಿತ್ತು. ಯಾರ ಗಮನಕ್ಕೂ ಬರಲಿಕ್ಕಿಲ್ಲವೆಂದು ನುಕಾಗ ದೇವರ ಮೇಲೆ ಭಾರ ಹಾಕಿದ.

ಆ ಭಾರ ತಿರುಗಿ ಅವನ ತಲೆಯ ಮೇಲೇ ಬಿದ್ದದ್ದು ಮಾರ್ಚ್ ಕೊನೆಯ ವಾರ, ವರ್ಗಾವಣೆ ಪಟ್ಟಿ ಗೋಡೆಗೆ ಬೀಳುವ ದಿನ.

ಆ ವರ್ಷ ಖಾಲಿ ಇದ್ದ ಜಾಗಗಳು ಎರಡು. ಒಂದು, ಧ್ವನಿಮುದ್ರಣ ವಿಭಾಗದ ಉಪಮುಖ್ಯಸ್ಥನದು. ಅದು ನುಕಾಗನಿಗೇ ಎಂದು ಎಲ್ಲರೂ ಹೇಳುತ್ತಿದ್ದರು. ಇನ್ನೊಂದು, ಉತ್ತರದ ತುದಿಯಲ್ಲಿ, ನೊಬೊರಿಬೆತ್ಸುವಿನ ಕ್ಯಾಸೆಟ್ ಗೋದಾಮಿನದು. ಅಲ್ಲಿಗೆ ಹೋದವರು ನಿವೃತ್ತಿಯಾಗಿ ಮಾತ್ರ ಹಿಂದಿರುಗುತ್ತಿದ್ದರು. ಹಿಂದಿನ ಭಾನುವಾರವಷ್ಟೇ ನುಕಾಗ ತನ್ನ ಮಗಳು ಚಿಜುವಿಗಾಗಿ ಕೊಂಡ ಪಿಯಾನೋವನ್ನು ಕ್ರೇನಿನಿಂದ ಎತ್ತಿಸಿ, ಕಿಟಕಿಯ ಚೌಕಟ್ಟು ಕಳಚಿಸಿ, ಮೂರನೆಯ ಮಹಡಿಯ ಮನೆಯೊಳಗೆ ತೂರಿಸಿದ್ದ. ವಠಾರವೆಲ್ಲ ಕೆಳಗೆ ನಿಂತು ನೋಡಿತ್ತು. ಬೆಳಗ್ಗೆ ಹೊರಡುವಾಗ ಹೆಂಡತಿ ಕಿನುಯೊ ಬಾಗಿಲಲ್ಲೇ ಹೇಳಿದ್ದಳು: “ಪಿಯಾನೋ ಒಳಗೆ ಬಂದಾಯ್ತು. ಇನ್ನು ಈ ಮನೆಯಿಂದ ನಾನು ಅಲ್ಲಾಡಲ್ಲ. ಉತ್ತರಕ್ಕೆ ಹಾಕಿದ್ರೆ ನೀವೊಬ್ರೇ ಹೋಗಿ.”

ಹತ್ತು ಗಂಟೆಗೆ ವಿಭಾಗದ ಮುಖ್ಯಸ್ಥ ಕುಮಗಾಯ್ ಅವರ ಕೋಣೆಯಲ್ಲಿ ಆಲ್ಬಮ್ ಕೇಳುವ ಸಭೆ ಸೇರಿತು. ಕುಮಗಾಯ್ ಕಣ್ಣು ಮುಚ್ಚಿ ಸಂಗೀತ ಕೇಳುವವರು. ನಿದ್ದೆಯೋ ಧ್ಯಾನವೋ ಎಂದು ಯಾರಿಗೂ ಇದುವರೆಗೆ ತಿಳಿದಿರಲಿಲ್ಲ. ಪಕ್ಕದಲ್ಲಿ ತಂಡದ ಡ್ರಮ್ಮರ್ ಹಿನಾತ್ಸು, ಕೋಣೆಯೊಳಗೂ ಕಪ್ಪು ಕನ್ನಡಕ. ಅವನ ಪಕ್ಕ ಕೊತಾಕಿ, ಲಂಡನ್ನಿನಲ್ಲಿ ಕೊಂಡ ಕಂದು ಬೂಟು ಹಾಕಿಕೊಂಡು. ಚಹಾ ಕೊಡುವ ನೆಪದಲ್ಲಿ ಕಚೇರಿ ನಿರ್ವಹಣೆಯ ಮೊರೊಹಾಶಿ ಸಾನ್, ಅಂದರೆ ಮೊರೊಹಾಶಿಯವರು, ಕೂಡ ಬಾಗಿಲಿಗೊರಗಿ ನಿಂತಿದ್ದರು. ಮೂವತ್ತು ವರ್ಷ ಸರ್ವಿಸ್ಸಿನ ಅವರಿಗೆ ತಿಳಿಯದ ವಿಷಯ ಆ ಕಟ್ಟಡದಲ್ಲಿ ಇರಲಿಲ್ಲ, ತಿಳಿದು ಸುಮ್ಮನಿದ್ದ ವಿಷಯವೂ ಇರಲಿಲ್ಲ.

ಏಳನೆಯ ರಚನೆ ಬಂತು. ಪೊತ್. ಪೊತ್. ಕುಮಗಾಯ್ ಕಣ್ಣು ತೆರೆದರು.

“ಇದ್ಯಾರದು?”

“ಯಾರೋ ಇಂಗ್ಲಿಷಿನವನು ಸಾರ್,” ಎಂದ ನುಕಾಗ. “ಕುಡಿದಿದ್ದ ಅಂತ ಕಾಣುತ್ತೆ.”

“ಇಂಗ್ಲಿಷಿನವನು ಎಷ್ಟು ಕುಡಿದ್ರೂ ಹಿಂಗೆ ತಟ್ಟಲ್ಲ. ನಮ್ಮೂರು ಅಕಿತದಲ್ಲಿ ನಮ್ಮಪ್ಪ ತಟ್ಟೋರು ಹಿಂಗೆ. ಇವನು ನಮ್ಮವನೇ.”

ಹಿನಾತ್ಸು ಮುಂದಕ್ಕೆ ಬಾಗಿದ. “ಅವತ್ತು ನನಗೆ ಹುಚ್ಚೇ ಹಿಡೀತು ಅಂದ್ಕೊಂಡಿದ್ದೆ. ಯಾರೋ ಕೆಳಗಿಂದ ನನ್ನ ಕಾಲು ಹಿಡ್ದು ತಪ್ಪು ಕಡೆ ಎಳೀತಿದಾರೆ ಅನ್ನಿಸ್ತಿತ್ತು. ಆ ಸದ್ದು ನನ್ನ ಕಿವೀಲೇ ಕೂತಿದೆ. ಒಬ್ಬೊಬ್ಬರನ್ನೇ ತಟ್ಟಿಸಿ, ಕಣ್ಣು ಮುಚ್ಕೊಂಡು ಹಿಡ್ಕೊಡ್ತೀನಿ.”

“ಮೈಕ್ ಹತ್ರ ಇದ್ದೋರು ನೀವಲ್ವಾ ನುಕಾಗ?” ಕುಮಗಾಯ್ ತಿರುಗಿದರು. “ನೀವೇನು ಮಾಡ್ತಿದ್ರಿ?”

ನುಕಾಗನಿಗೆ ಪಿಯಾನೋ ಕ್ರೇನಿನಲ್ಲಿ ತೂಗಾಡಿದ್ದು ಕಣ್ಣಿಗೆ ಕಟ್ಟಿತು. “ನಾನು ಶೌಚಾಲಯದಲ್ಲಿದ್ದೆ ಸಾರ್.”

“ಇಡೀ ಹಾಡು ಮುಗಿಯೋವರೆಗೂ?”

“ಅವರ ಕರಿದ ಮೀನು ನನ್ನ ಹೊಟ್ಟೆಗೆ ಆಗ್ಲಿಲ್ಲ.”

ಕುಮಗಾಯ್ ಮೇಜಿನ ಮೇಲಿದ್ದ ಒಂದು ಹಾಳೆಯ ಮೇಲೆ ಕೈಯಿಟ್ಟರು. “ಪಟ್ಟಿಗೆ ನಾನಿನ್ನೂ ಮೊಹರು ಒತ್ತಿಲ್ಲ. ಇವನು ಕಂಪನಿಯವನೇ ಅಂತ ಗೊತ್ತಾದ್ರೆ, ನೊಬೊರಿಬೆತ್ಸು ಖಾಲಿ ಇದೆ. ಅದು ಸಂಜೆ ಮಾತು. ಮೊದ್ಲು ಈ ಟೇಪು ರಿಪೇರಿ ಆಗ್ಲಿ. ನಾಲ್ಕು ಗಂಟೆಗೆ ಅಧ್ಯಕ್ಷರೇ ಕೇಳೋಕೆ ಬರ್ತಾರೆ.”

ಉಪಾಯ ಹೇಳಿದ್ದು ಕೊತಾಕಿ. ಇದ್ದಬದ್ದ ಸಿಬ್ಬಂದಿಯನ್ನು ಸ್ಟುಡಿಯೋಗೆ ನುಗ್ಗಿಸಿ ಎರಡಕ್ಕೂ ನಾಲ್ಕಕ್ಕೂ ಚಪ್ಪಾಳೆ ತಟ್ಟಿಸಿ, ಆ ಸದ್ದನ್ನು ಮೇಲೆ ಹೊದಿಸಿದರೆ ಕೆಳಗಿನ ಒಂಟಿ ಚಪ್ಪಾಳೆ ಮುಚ್ಚಿಹೋಗುತ್ತದೆ. ಎಲ್ಲರೂ ಒಪ್ಪಿದರು. ನುಕಾಗನಿಗೆ ಮಾತ್ರ ಹಿನಾತ್ಸುವಿನ ಕಿವಿಯ ನೆನಪಾಯಿತು. ಚಪ್ಪಾಳೆಯೆಂದರೆ ತಾನೂ ತಟ್ಟಬೇಕು. ತಟ್ಟಿದರೆ ಪೊತ್ ಎನ್ನುತ್ತದೆ. ಪೊತ್ ಎಂದರೆ ನೊಬೊರಿಬೆತ್ಸು. ಅವನು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹುಡುಕಿಕೊಂಡು ಓಡಿ, ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದ.

ಸ್ಟುಡಿಯೋ ಬಾಗಿಲಲ್ಲಿ ಮೊರೊಹಾಶಿ ಸಾನ್ ಹಿಡಿದುಕೊಂಡರು. “ಏನಾಯ್ತು ಕೈಗೆ?”

“ಬಾಗಿಲಿಗೆ ಸಿಕ್ಕಾಕ್ಕೊಳ್ತು.”

“ಯಾವ ಬಾಗಿಲು?”

“ಅದೇ, ಶೌಚಾಲಯದ್ದು.”

“ನಿಮಗೂ ಶೌಚಾಲಯಕ್ಕೂ ಆಗ್ಬರಲ್ಲ ನುಕಾಗ ಸಾನ್,” ಎಂದು ಅವರು ಕನಿಕರದಿಂದ ತಲೆಯಾಡಿಸಿದರು. “ಇಲ್ಲಿ ಕೊಡಿ, ಇದನ್ನ ಹಿಂಗಾ ಕಟ್ಟೋದು?” ಎಂದವರೇ ಬ್ಯಾಂಡೇಜು ಬಿಚ್ಚಿ, ತಮ್ಮ ಕೈಚೀಲದಿಂದ ಕರ್ಪೂರದ ವಾಸನೆಯ ದಪ್ಪ ನೋವಿನ ಪಟ್ಟಿ ತೆಗೆದು ಅಂಗೈ ತುಂಬ ಅಂಟಿಸಿ, ಮೇಲೆ ಮತ್ತೆ ಸುತ್ತಿದರು. “ಹೊಟ್ಟೆಗೂ ಏನಾದ್ರೂ ಮಾಡೋಣ. ಮಧ್ಯಾಹ್ನ ಎಲ್ಲರಿಗೂ ಹಾವುಮೀನಿನ ಊಟ ತರಿಸ್ತಿದಾರೆ. ನಿಮಗೆ ಬೇಡ. ನಾನು ಗಂಜಿ ಹೇಳ್ತೀನಿ.”

“ಅದು ಹೋದ ನವೆಂಬರಿನ ಹೊಟ್ಟೆನೋವು.”

“ಅಲ್ಲಿಂದ ಇಲ್ಲಿವರೆಗೆ ವಾಸಿಯಾಗಿಲ್ವಾ? ಮತ್ತೆ ಅದು ಹಗುರ ಕಾಯಿಲೆ ಅಲ್ಲ.”

ಲೆಕ್ಕಪತ್ರದವರು, ಪ್ಯಾಕಿಂಗಿನವರು, ಕ್ಯಾಂಟೀನಿನ ಹೆಂಗಸರು, ಮುದುಕ ವಾಚ್‌ಮನ್, ಒಟ್ಟು ಮೂವತ್ತು ಜನ ಸ್ಟುಡಿಯೋದಲ್ಲಿ ಸಾಲಾಗಿ ನಿಂತರು. ಹಿನಾತ್ಸು ಕೋಲು ಹಿಡಿದು ಎದುರು ನಿಂತ. “ಒಂದು ಅಂದಾಗ ಸುಮ್ನಿರಿ. ಎರಡು ಅಂದಾಗ ತಟ್ಟಿ. ಮೂರಕ್ಕೆ ಸುಮ್ನಿರಿ. ನಾಲ್ಕಕ್ಕೆ ತಟ್ಟಿ. ಅಷ್ಟೇ. ಸಣ್ಣ ಮಕ್ಕಳೂ ಮಾಡ್ತಾರೆ.”

ಮೂವತ್ತು ದೊಡ್ಡವರಿಗೆ ಅದು ಆಗಲಿಲ್ಲ. ಶುರುವಿನಲ್ಲಿ ಸರಿಯಾಗಿ ತಟ್ಟುತ್ತಿದ್ದರು. ಸಂಗೀತಕ್ಕೆ ಬಿಸಿಯೇರಿದ ಕೂಡಲೇ ಮೊದಲು ಕ್ಯಾಂಟೀನಿನ ಹೆಂಗಸರು, ಅವರ ಹಿಂದೆ ಲೆಕ್ಕಪತ್ರದವರು, ಒಬ್ಬೊಬ್ಬರಾಗಿ ಒಂದಕ್ಕೂ ಮೂರಕ್ಕೂ ಜಾರಿ, ಕೊನೆಗೆ ಇಡೀ ಸ್ಟುಡಿಯೋ ಬೋನ್ ಕುಣಿತದ ಬಯಲಾಯಿತು. ಎಲ್ಲರಿಗಿಂತ ಗಟ್ಟಿಯಾಗಿ ತಪ್ಪು ತಟ್ಟಿದವನು ಕೊತಾಕಿ. ಹಿನಾತ್ಸು ಮೂರು ಸಲ ತಿದ್ದಿದ. ನಾಲ್ಕನೆಯ ಸಲ ಬಾಗಿಲು ತೋರಿಸಿ, “ನೀವು ಹೋಗಿ ಚಹಾ ನೋಡ್ಕೊಳ್ಳಿ,” ಎಂದ. ಆಮೇಲೆ ಅವನ ಕಣ್ಣು ಬ್ಯಾಂಡೇಜಿನ ಮೇಲೆ ಬಿತ್ತು. “ನುಕಾಗ ಸಾನ್, ನಿಮ್ಮ ಕೈಯಲ್ಲಿ ಹೇಗೂ ಸದ್ದು ಬರಲ್ಲ. ಮುಂದೆ ನಿಂತ್ಕೊಂಡು ಎಲ್ಲರಿಗೂ ತೋರಿಸಿ. ನಾನು ನಿಮಗೆ ಹೇಳ್ಕೊಡ್ತೀನಿ.”

ಹೀಗೆ ಆ ಮನೆಹಾಳು ಚಪ್ಪಾಳೆಯ ಒಡೆಯನೇ ಚಪ್ಪಾಳೆಯ ಮೇಷ್ಟರಾದ. ಅವನ ಕೈಯೂ ಮೊದಮೊದಲು ಒಂದಕ್ಕೇ ಓಡುತ್ತಿತ್ತು. ದಾರಿ ತೋರಿಸಿದ್ದು ಮೊರೊಹಾಶಿ ಸಾನ್.

“ಸುಮ್ನಿರಿ ಅಂದ್ರೆ ಕೈ ಹೇಗೆ ಸುಮ್ನಿರುತ್ತೆ? ಅದಕ್ಕೊಂದು ಕೆಲಸ ಬೇಡ್ವಾ? ಒಂದಕ್ಕೆ ತಲೆ ಬಾಗಿಸಿ, ಎರಡಕ್ಕೆ ತಟ್ಟಿ. ತಲೆ ಬಾಗ್ಸೋದು ನಮಗ್ಯಾರಿಗೆ ಬರಲ್ಲ?”

ಅದೇ ಮಂತ್ರವಾಯಿತು. ಗಿರಾಕಿ ಬಂದರೆ, ಫೋನು ಬಂದರೆ, ಲಿಫ್ಟಿನ ಬಾಗಿಲು ಮುಚ್ಚುವಾಗ ಕೂಡ ಬಾಗುವ ಜನ. ಬಾಗಿದರು, ತಟ್ಟಿದರು, ಬಾಗಿದರು, ತಟ್ಟಿದರು. ವಾಚ್‌ಮನ್ ಮಾತ್ರ ದೇವಸ್ಥಾನದ ಅಭ್ಯಾಸಬಲದಿಂದ ಎರಡು ಸಲ ಬಾಗಿ ಎರಡು ಸಲ ತಟ್ಟಿ ಏನೋ ಬೇಡಿಕೊಳ್ಳುತ್ತಿದ್ದ. ಅವನಿಗೆ ಸಿಳ್ಳೆ ಹಾಕುವ ಕೆಲಸ ಕೊಟ್ಟರು. ಎರಡೂವರೆ ಗಂಟೆ ಕಾಲ ನುಕಾಗ ಎಲ್ಲರ ಮುಂದೆ ನಿಂತು ಬಾಗಿ ತಟ್ಟಿದ. ಊಟದ ಬಿಡುವಿನಲ್ಲಿ ಇತರರು ಹಾವುಮೀನು ತಿನ್ನುವುದನ್ನು ನೋಡುತ್ತ, ಹುಳಿ ಪ್ಲಮ್ಮಿನ ಉಪ್ಪಿನಕಾಯಿ ನೆಂಚಿಕೊಂಡು ಗಂಜಿ ಕುಡಿದ. ಕುಡಿಯುವಾಗಲೂ ಅವನ ತಲೆ ಒಂದಕ್ಕೆ ಬಾಗಿ, ಚಮಚ ಎರಡಕ್ಕೆ ಏಳುತ್ತಿತ್ತು.

ಮೂರೂವರೆಗೆ ಟೇಪು ಸಿದ್ಧವಾಯಿತು. ಲಂಡನ್ನಿನವರ ಜೊತೆ ನಮ್ಮ ಲೆಕ್ಕಪತ್ರದವರೂ ಸೇರಿ ಎರಡಕ್ಕೂ ನಾಲ್ಕಕ್ಕೂ ಗುಡುಗುತ್ತಿದ್ದರು. ಪೊತ್ ಎಂಬುದು ಹೂತುಹೋಗಿತ್ತು. ಹಿನಾತ್ಸು ಕನ್ನಡಕ ತೆಗೆದು ನುಕಾಗನ ಭುಜ ತಟ್ಟಿದ. ನುಕಾಗ ಹೊರಗೆ ಹೋಗಿ ಕಿನುಯೊಗೆ ಫೋನು ಮಾಡಿದ. “ಎಲ್ಲ ಸರಿಹೋಯ್ತು ಕಣೆ. ಚಿಜುಗೆ ಹೇಳು, ಧೈರ್ಯವಾಗಿ ಅಭ್ಯಾಸ ಮಾಡ್ಲಿ.” ಹಿಂದೆ ಪಿಯಾನೋದ ಒಂದೇ ಕೀಲಿಯನ್ನು ಮಗಳು ಕುಟ್ಟುತ್ತಿದ್ದದ್ದು ಕೇಳಿ ಅವನಿಗೆ ಸುಖವಾಯಿತು.

ನಾಲ್ಕು ಗಂಟೆಗೆ ಅಧ್ಯಕ್ಷರು ಬಂದರು. ವಯಸ್ಸು ಎಪ್ಪತ್ತೊಂಬತ್ತು, ಎಡಗಿವಿ ಪೂರ್ತಿ ಮಂದ, ಬಲಗಿವಿ ಅರ್ಧ. ಗಡಿಬಿಡಿಯಲ್ಲಿ ಕೊತಾಕಿ ಅವರ ಕೈಗೆ ಕೊಟ್ಟ ಹೆಡ್‌ಫೋನು ಹಳೆಯ, ಪೊತ್ ಮುಚ್ಚದ ಟೇಪಿನದು. ಯಾರಾದರೂ ತಡೆಯುವ ಮೊದಲೇ ಟೇಪು ಓಡತೊಡಗಿತ್ತು. ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು, ಹುಬ್ಬು ಸಡಿಲಿಸಿದರು, ಆಮೇಲೆ ಅವರ ಮುದಿ ಪಾದ ನಿಧಾನವಾಗಿ ನೆಲ ಕುಟ್ಟತೊಡಗಿತು. ಒಂದಕ್ಕೆ. ಮೂರಕ್ಕೆ.

ಮುಗಿದ ಮೇಲೆ ಹೆಡ್‌ಫೋನು ತೆಗೆದು ಮೂಗು ಒರೆಸಿಕೊಂಡರು. “ಹತ್ತು ವರ್ಷದಿಂದ ಈ ಫ್ಯೂಷನ್ನು ಅನ್ನೋದನ್ನ ನಾನು ಮಾರ್ತಿದೀನಿ. ಕಾಲು ಎಲ್ಲಿ ಕುಟ್ಟಬೇಕು ಅಂತ ಒಂದು ದಿನವೂ ಗೊತ್ತಾಗಿರ್ಲಿಲ್ಲ. ಇವತ್ತು ಗೊತ್ತಾಯ್ತು. ಆ ಪರದೇಶದ ಜನರ ಮಧ್ಯೆ ಒಬ್ಬ, ಒಬ್ಬನೇ ಒಬ್ಬ, ನಮ್ಮ ತಾಳ ಬಿಡದೆ ತಟ್ಟಿದಾನೆ. ಗಂಡಸು ಅಂದ್ರೆ ಅವನು.”

“ನಾನೂ ಬೆಳಗ್ಗೆಯಿಂದ ಅದನ್ನೇ ಹೇಳ್ತಿದ್ದೆ ಸಾರ್,” ಎಂದರು ಕುಮಗಾಯ್, ಮುಖದ ಒಂದು ಗೆರೆಯೂ ಕದಲದಂತೆ. “ಹೊಸ ಟೇಪು ಬೇಡ. ಆ ಚಪ್ಪಾಳೆ ಇನ್ನೂ ಸ್ವಲ್ಪ ಜೋರು ಮಾಡೋಣ. ಕವರಿನ ಮೇಲೆ ಸುತ್ತೋ ಕಾಗದದ ಪಟ್ಟಿಯಲ್ಲಿ ‘ಎರಡು ಸಾವಿರ ಜನರ ನಡುವೆ ನಮ್ಮವನೊಬ್ಬ’ ಅಂತ ಅಚ್ಚು ಹಾಕಿಸೋಣ.”

“ಅವನಿಂದಲೇ ಅವತ್ತು ನಾನು ಅಷ್ಟು ಚೆನ್ನಾಗಿ ನುಡಿಸಿದ್ದು,” ಎಂದ ಹಿನಾತ್ಸು. ಅವನೂ ಬದುಕಬೇಕಲ್ಲ.

“ಯಾರವನು?” ಅಧ್ಯಕ್ಷರು ಸುತ್ತ ನೋಡಿದರು.

ನುಕಾಗನ ಎದೆ ಉಬ್ಬಿತು. ಬಾಯಿ ತೆರೆದ. ಅಷ್ಟರಲ್ಲಿ ಕೊತಾಕಿ ಕಂದು ಬೂಟುಗಳನ್ನು ಜೋಡಿಸಿ ಸೊಂಟದವರೆಗೆ ಬಾಗಿದ. “ಕ್ಷಮಿಸಿ. ಬೆಳಗ್ಗೆಯಿಂದ ಹೇಳೋಕೆ ಹೆದರಿಕೆಯಾಗಿತ್ತು. ಅದು ನಾನೇ. ನುಕಾಗ ಸಾನ್ ಶೌಚಾಲಯಕ್ಕೆ ಹೋದಾಗ ಮೈಕ್ ಹತ್ರ ನಾನು ನಿಂತಿದ್ದೆ.”

“ಸುಳ್ಳು,” ಎಂದ ನುಕಾಗ. ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು. “ಸಾರ್, ಅದು ನಾನು. ಇವನು ಅವತ್ತು ಸಭಾಂಗಣಕ್ಕೇ ಬಂದಿರ್ಲಿಲ್ಲ. ಬೂಟು ಕೊಳ್ಳೋಕೆ ಹೋಗಿದ್ದ.”

“ಪ್ರವಾಸದ ವರದಿಯಲ್ಲಿ ‘ಕೊತಾಕಿ ಕೊನೆಯವರೆಗೂ ಸಭಾಂಗಣದಲ್ಲಿದ್ದರು’ ಅಂತಿದೆ,” ಎಂದರು ಕುಮಗಾಯ್. “ಕೆಳಗೆ ನಿಮ್ಮದೇ ಮೊಹರು.”

“ಅದು ಅವನನ್ನ ಉಳಿಸೋಕೆ ಬರೆದದ್ದು.”

“ಶೌಚಾಲಯ?”

“ಹೋಗಿರ್ಲಿಲ್ಲ. ಹೊಟ್ಟೆ ಚೆನ್ನಾಗೇ ಇದೆ.”

“ಪಾಪ, ಮಧ್ಯಾಹ್ನ ಗಂಜಿ ಬಿಟ್ಟು ಬೇರೇನೂ ಮುಟ್ಟಲಿಲ್ಲ,” ಎಂದರು ಬಾಗಿಲಲ್ಲಿದ್ದ ಮೊರೊಹಾಶಿ ಸಾನ್.

ಅಧ್ಯಕ್ಷರು ಕೈಯೆತ್ತಿದರು. “ವಾದ ಯಾಕೆ? ಟೇಪು ಹಾಕಿ. ಇಬ್ಬರೂ ತಟ್ಟಲಿ.”

ಮೊದಲು ಕೊತಾಕಿ. ಸಂಗೀತ ಶುರುವಾದದ್ದೇ ಅವನ ಕೈ ಒಂದಕ್ಕೂ ಮೂರಕ್ಕೂ ತಾನಾಗಿ ಬಿತ್ತು. ಬೆಳಗ್ಗೆಯಿಂದ ತಿದ್ದಲಾಗದ ಕೈ ಅದು. ಅಧ್ಯಕ್ಷರ ಪಾದವೂ ಅದರ ಜೊತೆ ಕುಟ್ಟಿತು.

ನುಕಾಗ ಮುಂದೆ ಬಂದ. ಅಂಗೈಯ ನೋವಿನ ಪಟ್ಟಿ ಕೀಳಲು ನೋಡಿದ. ಮೊರೊಹಾಶಿ ಸಾನ್ ಅಂಟಿಸಿದ್ದು ಸುಲಭಕ್ಕೆ ಬರುವಂಥದ್ದಲ್ಲ. ಇರಲಿ, ತಾಳವೇ ಸಾಕ್ಷಿ ಹೇಳುತ್ತದೆಂದು ಕೈಯೆತ್ತಿದ. ಅಪ್ಪನನ್ನು ನೆನೆದ, ಬೋನ್ ಕುಣಿತದ ಬಯಲನ್ನು ನೆನೆದ, ಕಿಟಕಿಯಲ್ಲಿ ತೂರಿದ ಪಿಯಾನೋವನ್ನು ನೆನೆದ. ಸಂಗೀತ ಬಂತು. ಒಂದಕ್ಕೆ ಅವನ ತಲೆ ಗೌರವದಿಂದ ಬಾಗಿತು. ಎರಡಕ್ಕೆ ಕೈ ಬಿತ್ತು. ಮೂರಕ್ಕೆ ಬಾಗಿತು. ನಾಲ್ಕಕ್ಕೆ ಬಿತ್ತು. ಅವನು ಹಲ್ಲು ಕಚ್ಚಿದ, ಉಸಿರು ಹಿಡಿದ, ಕಣ್ಣು ಮುಚ್ಚಿದ. ಏನು ಮಾಡಿದರೂ ಆ ಕೈಗಳು ಲಂಡನ್ನಿನ ಇಂಗ್ಲಿಷರಿಗಿಂತ ಖಚಿತವಾಗಿ ಎರಡಕ್ಕೂ ನಾಲ್ಕಕ್ಕೂ ತಟ್ಟುತ್ತ ಹೋದವು.

“ಸಾಕು ನಿಲ್ಸಿ,” ಎಂದರು ಅಧ್ಯಕ್ಷರು, ಮುಖ ತಿರುಗಿಸಿ. “ಇದ್ಯಾವುದೋ ಪರದೇಶದ ಚಪ್ಪಾಳೆ.”

ಐದು ಗಂಟೆಗೆ ಪಟ್ಟಿ ಗೋಡೆಗೆ ಬಿತ್ತು. ಉಪಮುಖ್ಯಸ್ಥ: ಕೊತಾಕಿ. ನೊಬೊರಿಬೆತ್ಸು ಗೋದಾಮು: ನುಕಾಗ ತೇಯ್ಜಿ. ಮೊಹರಿನ ಕೆಂಪು ಇನ್ನೂ ಹಸಿಯಾಗಿತ್ತು. ಕುಮಗಾಯ್ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: “ಶಿಕ್ಷೆ ಅಂತ ತಿಳ್ಕೋಬೇಡಿ. ಸುಳ್ಳು ಹೇಳಿದ್ದನ್ನ ನಾನು ಮರೆತಾಯ್ತು. ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆಯಂತೆ, ಹೊಟ್ಟೆಗೂ ಕೈಗೂ ಬಹಳ ಒಳ್ಳೇದಂತೆ. ಮೊರೊಹಾಶಿ ಸಾನ್ ಬಂದು ಕೇಳ್ಕೊಂಡ್ರು, ಇಲ್ಲ ಅನ್ನೋಕಾಗ್ಲಿಲ್ಲ.”

ಗುಂಪಿನಾಚೆ ಮೊರೊಹಾಶಿ ಸಾನ್ ಕಣ್ಣೊರೆಸಿಕೊಳ್ಳುತ್ತ, ಧನ್ಯವಾದ ಬೇಡವೆಂಬಂತೆ ಕೈಯಾಡಿಸಿದರು. ನುಕಾಗ ಅಂಗೈ ನೋಡಿಕೊಂಡ. ಬೆವರಿಗೆ ಬ್ಯಾಂಡೇಜೂ ನೋವಿನ ಪಟ್ಟಿಯೂ ತಾವಾಗಿ ಕಳಚಿ ಬಂದಿದ್ದವು.

“ಆಲ್ಬಮ್ ಕೆಲಸ ಇಲ್ಲಿಗೆ ಮುಗೀತು. ಎಲ್ಲರೂ ಕೈ ಸೇರಿಸಿ,” ಎಂದು ಅಧ್ಯಕ್ಷರು ಕೂಗಿದರು. ಯಾವ ಕೆಲಸ ಮುಗಿದರೂ ಎಲ್ಲರೂ ಒಟ್ಟಿಗೆ ಒಂದೇ ಒಂದು ಚಪ್ಪಾಳೆ ಹಾಕಿ ಮುಗಿಸುವುದು ನಮ್ಮಲ್ಲಿ ರೂಢಿ. ಪಡಸಾಲೆ ನಿಶ್ಶಬ್ದವಾಯಿತು. ಅಧ್ಯಕ್ಷರು “ಇಯ್ಯೋ” ಎಂದು ಸನ್ನೆ ಕೊಟ್ಟರು. ಅಷ್ಟೂ ಜನರ ಕೈಗಳು ಒಂದೇ ಏಟಿಗೆ ಕೂಡಿದವು. ಆ ಹೊತ್ತಿಗೆ ನುಕಾಗನ ತಲೆ ಬಾಗಿತ್ತು. ಅವನ ಚಪ್ಪಾಳೆ ಎಲ್ಲರದೂ ಮುಗಿದ ಮೇಲೆ, ಮೌನದ ನಟ್ಟನಡುವೆ, ಒಂಟಿಯಾಗಿ ಬಿತ್ತು.

ಪೊತ್.

ಹಿನಾತ್ಸು ಗಕ್ಕನೆ ತಿರುಗಿದ. ಕಪ್ಪು ಕನ್ನಡಕ ತೆಗೆದು ನುಕಾಗನ ಕೈ ನೋಡಿದ, ಮುಖ ನೋಡಿದ. ಜನರ ನಡುವೆ ದಾರಿ ಮಾಡಿಕೊಂಡು ಹತ್ತಿರ ಬಂದ.

“ಅದು ನೀವೇ.”

“ಹೌದು,” ಎಂದ ನುಕಾಗ. ಕಣ್ಣಲ್ಲಿ ನೀರು ತುಂಬಿತ್ತು. “ಈಗಲಾದ್ರೂ ಒಂದು ಮಾತು ಹೇಳಿ ಅವರಿಗೆ. ನಿಮ್ಮ ಕಿವೀನ ಅವರು ನಂಬ್ತಾರೆ.”

ಹಿನಾತ್ಸು ಅಧ್ಯಕ್ಷರ ಕಡೆ ನೋಡಿದ. ಅವರು ಕೊತಾಕಿಯ ಎರಡೂ ಕೈ ಹಿಡಿದುಕೊಂಡು ಫೋಟೋಗೆ ನಿಂತಿದ್ದರು. ಅವನು ಕನ್ನಡಕವನ್ನು ಮತ್ತೆ ಮೂಗಿನ ಮೇಲೆ ಏರಿಸಿಕೊಂಡ.

“ಹೇಳಬಹುದಿತ್ತು ನುಕಾಗ ಸಾನ್. ಆದ್ರೆ ಈಗಷ್ಟೇ ಎಲ್ಲರ ಎದುರಿಗೆ ನೀವು ತಟ್ಟಿದ್ದು ಎರಡಕ್ಕೆ,” ಎಂದ. “ಪಾಠ ಹೇಳಿದ್ದು ನಾನೇ, ಒಪ್ಕೋತೀನಿ. ಇಷ್ಟು ಚೆನ್ನಾಗಿ ಕಲಿತ ಶಿಷ್ಯ ನನಗೆ ಇನ್ನೊಬ್ಬ ಸಿಕ್ಕಿಲ್ಲ.”